ತಗಡು ತಿರುಪಾಗುವ ಬಗೆ

೨೦೨೩ನೆಯ ಇಸವಿ ಫೆಬ್ರವರಿ ೬ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, ೬೧೫ ಎಕರೆ ನೆಲದಲ್ಲಿ, ಹಿಂದುಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯ ಪ್ರಾರಂಭೋತ್ಸವವಾಯಿತು. ಗಾಳಿಯನ್ನು ಕೆಳಕ್ಕೊತ್ತಿ ತಾನು ಮೇಲೇರುವ ಆ ಯಂತ್ರದ ರೆಕ್ಕೆಯನ್ನು ಎಲ್ಲರೂ ಕತ್ತೆತ್ತಿ ನೋಡುವರು. ತೋಟದಲ್ಲಿ ಟ್ರಾಕ್ಟರಿನ ಹಿಂದೆ ತಿರುಗುತ್ತ, ಗುಂಡಿ ತೋಡಿ ಮಣ್ಣನ್ನು ಮೇಲಕ್ಕೆ ತರುವ ಉಕ್ಕಿನ ರೆಕ್ಕೆಯನ್ನು ಹಾಗೆ ನೋಡುವವರು ವಿರಳ. ನೇರವಾದ ದಂಡಕ್ಕೆ ಬಳ್ಳಿಯಂತೆ ಸುತ್ತಿಕೊಂಡ ಆ ತಿರುಪು ಮೊದಲು ಚಪ್ಪಟೆಯಾದ ತಗಡಾಗಿತ್ತೆಂಬುದು ನಮ್ಮ ವಾಚಕರಿಗೆ ಸೋಜಿಗವೆನಿಸಬಹುದು.

ಮಾಡುವ ಕ್ರಮವು ಹೀಗೆ. ತಗಡಿನಿಂದ ಬಳೆಯಾಕಾರದ ತುಂಡೊಂದನ್ನು ಕತ್ತರಿಸಿ, ಅದನ್ನು ಒಂದು ಕಡೆ ಸೀಳುವರು. ಸೀಳಿನ ಒಂದು ಅಂಚನ್ನು ದಂಡಕ್ಕೆ ಬೆಸೆದು, ಇನ್ನೊಂದನ್ನು ಸರಪಳಿಯಿಂದಲೋ ಒತ್ತುಯಂತ್ರದಿಂದಲೋ ದಂಡದುದ್ದಕ್ಕೂ ಎಳೆಯುವರು. ತಗಡು ದಪ್ಪವಾದರೆ ಕೆಂಪಗೆ ಕಾಯಿಸುವುದೂ ಉಂಟು.

ಆದರೆ ಬಲಕ್ಕಿಂತ ಮೊದಲು ಲೆಕ್ಕ ಬೇಕು. ಒನಕೆಗೆ ದಾರವನ್ನು ಅಡ್ಡಲಾಗಿ ಒಂದು ಸುತ್ತು ಸುತ್ತಿರಿ; ಬಳಿಕ ಓರೆಯಾಗಿ ಮೇಲಕ್ಕೇರಿಸುತ್ತ ಸುತ್ತಿರಿ. ಎರಡನೆಯದಕ್ಕೆ ಹೆಚ್ಚು ದಾರ ಹಿಡಿಯುವುದಷ್ಟೆ? ತಗಡಿನ ಒಳಯಂಚಿನ ಪಾಡೂ ಇದೇ. ದಂಡದ ವ್ಯಾಸ ೬೦ ಮಿಲಿಮೀಟರು, ತಿರುಪಿನ ವ್ಯಾಸ ೩೦೦, ಒಂದು ಸುತ್ತಿಗೆ ಏರುವ ಎತ್ತರ ೩೦೦ ಎಂದಿಟ್ಟುಕೊಳ್ಳೋಣ. ದಂಡದ ಸುತ್ತಳತೆ ಸುಮಾರು ೧೮೮ ಮಾತ್ರ. ಏರುತ್ತ ಸಾಗುವ ಒಳಯಂಚಿಗಾದರೋ ೩೫೪ ಬೇಕು. ಹೊರಯಂಚಿಗೆ ೯೮೯ ಬೇಕು. ಆದುದರಿಂದ ಚಪ್ಪಟೆ ಬಳೆಯ ಹೊರವ್ಯಾಸವು ೩೭೪, ರಂಧ್ರದ ವ್ಯಾಸವು ೧೩೪ ಇರತಕ್ಕದ್ದು. ಸೀಳಿನ ಬಳಿ ೫೭ ಅಂಶದಷ್ಟು ಹೋಳನ್ನು ತೆಗೆದುಬಿಡತಕ್ಕದ್ದು. ದಂಡಕ್ಕಿಂತ ಇಮ್ಮಡಿಗೂ ಮಿಗಿಲಾದ ಆ ರಂಧ್ರವು ಎಳೆದಾಗ ತಾನೇ ಕಿರಿದಾಗಿ ದಂಡವನ್ನು ಅಪ್ಪಿಕೊಳ್ಳುವುದು. ರಂಧ್ರವನ್ನು ದಂಡದ ಅಳತೆಗೇ ಕೊರೆದವನ ತಗಡು ಎಳೆಯುವಾಗ ದಂಡಕ್ಕೆ ಸಿಕ್ಕಿಕೊಂಡು ನಿಲ್ಲುವುದು. ತಗಡೂ ದಿನದ ಕೂಲಿಯೂ ಒಟ್ಟಿಗೆ ನಷ್ಟ.

ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ದಪ್ಪ ಕಾಗದದ ಬಳೆಯನ್ನು ಕತ್ತರಿಸಿ, ಸೀಳಿ, ಸೀಸದಕಡ್ಡಿಗೆ ಪೋಣಿಸಿ, ಎರಡು ಕೊನೆಗಳನ್ನೂ ಮೇಲಕ್ಕೂ ಕೆಳಕ್ಕೂ ಎಳೆದರೆ ರಂಧ್ರವು ಕುಗ್ಗುವುದು ಕಾಣುವುದು. ಆದರೆ ಕಾಗದದ ರೆಕ್ಕೆ ಕಡ್ಡಿಗೆ ನೇರವಾಗಿ ನಿಲ್ಲದೆ ವಾಲುವುದು. ಏಕೆಂದರೆ ಕಾಗದವು ಹಿಗ್ಗದು. ಉಕ್ಕು ತುಸು ಹಿಗ್ಗಬಲ್ಲುದು. ಸರಪಳಿಯ ಬಲವೂ ಬೆಂಕಿಯ ಕಾವೂ ಬೇಕಾಗುವುದು ಅದಕ್ಕಾಗಿಯೇ.

ತುಮಕೂರಿನ ಅಂತರಸನಹಳ್ಳಿಯಲ್ಲಾಗಲಿ, ಕುಣಿಗಲಿನ ಅಂಚೇಪಾಳ್ಯದಲ್ಲಾಗಲಿ, ಈ ಕೆಲಸಕ್ಕೆ ಕೈಹಾಕುವ ತರುಣನಿಗೆ ಲೆಕ್ಕವು ಒಂದೇ. ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜದ ಪ್ರಮೇಯವೇ ಅಲ್ಲಿ ಅವನ ಕೂಲಿಯನ್ನು ಕಾಯುವುದು. "ರೇಖಾಗಣಿತವು ಯಾವ ಪ್ರಯೋಜನಕ್ಕೆ?" ಎಂದು ಮಗುವು ಕೇಳಿದರೆ, ತಾಯ್ತಂದೆಗಳು ಗದರದೆ, ಒಂದು ಕತ್ತರಿಯನ್ನೂ ಕಾಗದವನ್ನೂ ಅದರ ಕೈಗೆ ಕೊಡಲೆಂದು ನಮ್ಮ ಬಿನ್ನಹ.