ಬೀಗ ಎಲ್ಲಿರಬೇಕು?



ಕಳೆದ ಶ್ರಾವಣದಲ್ಲಿ ಒಂದು ಮಠದ ಪ್ರಸಾದ ನಿಲಯದ ಸಮಿತಿಯವರು ನನ್ನನ್ನು ಕರೆಸಿದ್ದರು. ಅಲ್ಲಿ ಎಂಟನೆಯ ತರಗತಿಯಿಂದ ಪಿಯುಸಿವರೆಗಿನ ಹುಡುಗರಿದ್ದಾರೆ. ವೈಫೈನಲ್ಲಿ ಅಶ್ಲೀಲ ತಾಣಗಳನ್ನು ತಡೆದಿದ್ದರೂ ದೊಡ್ಡ ಹುಡುಗರು ವಿಪಿಎನ್ ಎಂಬ ಆ್ಯಪ್ ಹಾಕಿಕೊಂಡು ನೋಡುತ್ತಾರೆ, ಸಣ್ಣವರಿಗೂ ತೋರಿಸುತ್ತಾರೆ ಎಂಬುದು ದೂರು. "ಸಾಹೇಬ್ರ, ನೀವು ಎಂಜಿನಿಯರ್ ಇದ್ದೀರಿ, ಇದಕ್ಕೊಂದು ದಾರಿ ಮಾಡಿಕೊಡ್ರಿ" ಎಂದರು ನಿಲಯಪಾಲಕರು. ಮೊಬೈಲ್ ಅಂಗಡಿಯವರೊಬ್ಬರು ಅವರಿಗೆ ಒಂದು ಆ್ಯಪ್ ಸೂಚಿಸಿದ್ದರು. ಅದನ್ನು ಮಕ್ಕಳ ಫೋನಿಗೆ ಹಾಕಿದರೆ ಅವರು ನೋಡಿದ್ದು, ಬರೆದದ್ದು, ಅವರಿಗೆ ಬಂದದ್ದು ಎಲ್ಲವೂ ನಿಲಯಪಾಲಕರ ಫೋನಿನಲ್ಲಿ ಕಾಣುತ್ತದೆ. ನಾನು ಹೆಚ್ಚು ಯೋಚಿಸದೆ ಒಪ್ಪಿದೆ. ನಾಲ್ಕು ಫೋನುಗಳಿಗೆ ಹಾಕಿ ಪರೀಕ್ಷಿಸಿದೆವು.

ಮೂರನೆಯ ದಿನ ನಾವು ತೆರೆದು ನೋಡಿದಾಗ ಅಲ್ಲಿ ಅಶ್ಲೀಲ ಚಿತ್ರ ಇರಲಿಲ್ಲ. ಒಬ್ಬ ಹುಡುಗ ತನ್ನ ತಾಯಿಗೆ ಬರೆದ ಮಾತು ಇತ್ತು, ಮನೆಯ ಕಷ್ಟದ ಮಾತು. ಅದಕ್ಕಿಂತ ಹೆಚ್ಚು ಇಲ್ಲಿ ಬರೆಯಲಾರೆ. ಅದನ್ನು ಓದುವ ಹಕ್ಕೇ ನನಗಿರಲಿಲ್ಲ. ಮಧ್ಯಾಹ್ನ ಪ್ರಸಾದದ ಸಾಲಿನಲ್ಲಿ ಆ ಹುಡುಗನನ್ನು ಕಂಡೆ. ಅವನಿಗೆ ನನ್ನ ಪರಿಚಯ ಇರಲಿಲ್ಲ. ನನಗೆ ಅವನ ಮನೆಯ ಒಳಗಿನದೆಲ್ಲ ಗೊತ್ತಿತ್ತು. ಆ ತುತ್ತು ನನಗೆ ಗಂಟಲಲ್ಲಿ ಇಳಿಯಲಿಲ್ಲ. ಅಂದೇ ಸಂಜೆ ನಾಲ್ಕೂ ಫೋನುಗಳಿಂದ ಆ ಆ್ಯಪ್ ತೆಗೆಸಿದೆ. ನಿಲಯಪಾಲಕರು, "ಹಂಗಾದ್ರ ಮಕ್ಕಳು ಕೆಡಲಿ ಅಂತೀರೇನ್ರಿ?" ಎಂದು ಕೇಳಿದರು. ಅವರ ಪ್ರಶ್ನೆ ತಪ್ಪಲ್ಲ. ಅಂದು ಉತ್ತರ ಕೊಡಲು ಆಗಲಿಲ್ಲ. ಈ ಸಂಪಾದಕೀಯ ಅವರಿಗೆ ನಾನು ಕೊಡಬೇಕಿದ್ದ ಉತ್ತರ.

ಮೊದಲು ಅವರ ಆತಂಕವನ್ನು ಒಪ್ಪಿಕೊಳ್ಳೋಣ. ದೇಹದ ಬಗ್ಗೆ ಮನೆಯಲ್ಲಿ ಯಾರೂ ಮಾತಾಡದ ಹನ್ನೆರಡು ವರ್ಷದ ಹುಡುಗನಿಗೆ ಮೊದಲ ಪಾಠ ಹೇಳುವುದು ಇಂಥ ವಿಡಿಯೊ ಆದರೆ, ಹೆಣ್ಣು ಎಂದರೆ ಬಳಸುವ ವಸ್ತು, ಬಲಾತ್ಕಾರವೇ ಪ್ರೀತಿ ಎಂದು ಅವನು ಕಲಿಯುತ್ತಾನೆ. ಹೆಣ್ಣಿಗೆ ಸಮಾನ ಸ್ಥಾನ ಕೊಟ್ಟ ಶರಣರ ಹೆಸರು ಹೇಳುವ ನಾವು ಇದನ್ನು ಸಣ್ಣ ವಿಷಯವೆಂದು ಬಿಡಲಾಗದು. ಮಕ್ಕಳನ್ನು ಕಾಯಬೇಕೇ ಎಂಬುದು ಪ್ರಶ್ನೆಯೇ ಅಲ್ಲ. ಬೀಗವನ್ನು ಎಲ್ಲಿ ಹಾಕಬೇಕು, ಕೀಲಿ ಯಾರ ಕೈಯಲ್ಲಿರಬೇಕು ಎಂಬುದು ಪ್ರಶ್ನೆ.

ವಿಪಿಎನ್ ಎಂದರೇನು ಎಂಬುದನ್ನು ಸರಳವಾಗಿ ಹೇಳುತ್ತೇನೆ. ಸಾಮಾನ್ಯವಾಗಿ ನಾವು ಯಾವ ತಾಣಕ್ಕೆ ಹೋಗುತ್ತೇವೆ ಎಂಬುದು ಸಿಮ್ ಕಂಪನಿಗೆ, ವೈಫೈ ಕೊಟ್ಟವರಿಗೆ ಕಾಣುತ್ತದೆ. ವಿಪಿಎನ್ ನಮ್ಮ ಫೋನಿನಿಂದ ದೂರದ ಒಂದು ಸರ್ವರ್‌ವರೆಗೆ ಮುಚ್ಚಿದ ಪೈಪು ಎಳೆದಂತೆ. ನಡುವೆ ಇರುವವರಿಗೆ ಪೈಪು ಕಾಣುತ್ತದೆ, ಒಳಗೆ ಹರಿಯುವುದು ಕಾಣುವುದಿಲ್ಲ. ಮನೆಯಿಂದ ಆಫೀಸಿನ ಕೆಲಸ ಮಾಡುವ ನಿಮ್ಮ ಮಗಳು, ಮೂಲವನ್ನು ಕಾಪಾಡಬೇಕಾದ ಪತ್ರಕರ್ತ ಅದನ್ನು ಬಳಸುತ್ತಾರೆ. ಅದೇ ಪೈಪಿನಲ್ಲಿ ಹದಿನೈದರ ಹುಡುಗ ತಡೆಯನ್ನು ದಾಟುತ್ತಾನೆ. ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ಪೈಪಿನ ಆಚೆ ತುದಿಯಲ್ಲಿ ಕುಳಿತ ಕಂಪನಿಗೆ ನಾವು ಹೋಗುವ ತಾಣಗಳು ಕಾಣುತ್ತವೆ. ಉಚಿತ ವಿಪಿಎನ್ ಕೊಡುವವರಲ್ಲಿ ಬಳಕೆದಾರರ ಮಾಹಿತಿ ಮಾರಿಯೇ ಬದುಕುವವರಿದ್ದಾರೆ. ಇದನ್ನು ಮಕ್ಕಳಿಗೆ ಹೇಳಿ. ಬೈಗುಳಕ್ಕಿಂತ ಈ ಮಾತು ಅವರಿಗೆ ಬೇಗ ನಾಟುತ್ತದೆ.

ಬೀಗವನ್ನು ಇಡೀ ದೇಶದ ಬಾಗಿಲಿಗೆ ಹಾಕುವ ಪ್ರಯತ್ನ ನಮ್ಮಲ್ಲಿ ನಡೆದಿದೆ. 2015ರಲ್ಲಿ ಕೇಂದ್ರ ಸರ್ಕಾರ 857 ತಾಣಗಳನ್ನು ಮುಚ್ಚಲು ಹೇಳಿ ಕೆಲವೇ ದಿನಗಳಲ್ಲಿ ಆ ಆದೇಶ ಸಡಿಲಿಸಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟಿನ ಆದೇಶದ ನಂತರ 827 ತಾಣಗಳನ್ನು ಮುಚ್ಚಿಸಲಾಯಿತು. ಅವುಗಳಲ್ಲಿ ಕೆಲವು ಬೇರೆ ವಿಳಾಸದಿಂದ ಮತ್ತೆ ಬಂದವು. ಉಳಿದವಕ್ಕೆ ವಿಪಿಎನ್ ಇತ್ತು. ಬ್ರಿಟನ್ನಿನಲ್ಲಿ 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆಯಂತೆ 2025ರ ಜುಲೈ 25ರಿಂದ ಅಶ್ಲೀಲ ತಾಣಗಳು ನೋಡುವವರ ವಯಸ್ಸನ್ನು ಖಚಿತಪಡಿಸಿಕೊಳ್ಳಬೇಕು. ತಪ್ಪಿದರೆ 1 ಕೋಟಿ 80 ಲಕ್ಷ ಪೌಂಡ್ ಅಥವಾ ಜಾಗತಿಕ ಆದಾಯದ ಶೇ. 10, ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ. ಕಾಯ್ದೆಯ ಉದ್ದೇಶ ಒಳ್ಳೆಯದೇ. ಆದರೆ ಅದು ಜಾರಿಯಾದ ದಿನಗಳಲ್ಲೇ ಅಲ್ಲಿ ಹೆಚ್ಚು ಜನ ಇಳಿಸಿಕೊಂಡ ಉಚಿತ ಆ್ಯಪ್‌ಗಳ ಪಟ್ಟಿಯ ಮೇಲ್ತುದಿಗೆ ವಿಪಿಎನ್‌ಗಳು ಏರಿದವು.

ನೀರಾವರಿ ಇಲಾಖೆಯಲ್ಲಿ ಕೆಲಸ ಮಾಡಿದ ನನಗೆ ಇದು ಆಶ್ಚರ್ಯವೆನಿಸಲಿಲ್ಲ. ಯಾರೋ ನಾಲ್ಕು ಜನ ಕಾಲುವೆಗೆ ಕದ್ದು ಮೋಟರ್ ಇಟ್ಟರೆಂದು ಮುಖ್ಯ ಕಾಲುವೆಯ ಗೇಟು ಇಳಿಸಿದರೆ ಕೊನೆಯ ಹೊಲದ ರೈತನ ಬೆಳೆ ಒಣಗುತ್ತದೆ. ಮೋಟರ್ ಇಟ್ಟವನು ರಾತ್ರಿ ಬೇರೆ ಕಡೆ ಪೈಪು ಇಳಿಸುತ್ತಾನೆ. ಹೊಲಕ್ಕೆಷ್ಟು ನೀರು ಎಂಬುದನ್ನು ಹೊಲದ ಹತ್ತಿರದ ತೂಬಿನಲ್ಲೇ ನಿಯಂತ್ರಿಸಬೇಕು.

ವಯಸ್ಸು ಖಚಿತಪಡಿಸುವುದರಲ್ಲಿ ಇನ್ನೊಂದು ಅಪಾಯವಿದೆ. ಮಕ್ಕಳನ್ನು ತಡೆಯಲು ಎಲ್ಲ ಹಿರಿಯರೂ ಗುರುತಿನ ಚೀಟಿ ಕೊಡಬೇಕಾಗುತ್ತದೆ. ಕೊಟ್ಟ ಚೀಟಿ ಎಲ್ಲಿಯೋ ಉಳಿಯುತ್ತದೆ. ಡಿಸ್ಕಾರ್ಡ್ ಎಂಬ ಹರಟೆಯ ಆ್ಯಪ್‌ಗೆ ವಯಸ್ಸು ತೋರಿಸಲೆಂದು ಬಳಕೆದಾರರು ಕೊಟ್ಟಿದ್ದ ಸರ್ಕಾರಿ ಗುರುತಿನ ಚೀಟಿಗಳ ಚಿತ್ರಗಳು, ಸುಮಾರು 70,000 ಮಂದಿಯವು, ಸೋರಿರಬಹುದೆಂದು 2025ರ ಅಕ್ಟೋಬರಿನಲ್ಲಿ ಆ ಕಂಪನಿಯೇ ಹೇಳಿತು. ಸೋರಿದ್ದು ಕಂಪನಿ ನೇಮಿಸಿದ್ದ ಹೊರಗಿನ ಗುತ್ತಿಗೆದಾರರ ಕಡೆಯಿಂದ. ಗುತ್ತಿಗೆದಾರರನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ.

"ಖಾಸಗಿತನ, ಪ್ರೈವಸಿ, ಇವೆಲ್ಲ ಪಾಶ್ಚಾತ್ಯರ ಮಾತು, ನಮ್ಮಲ್ಲಿ ಮುಚ್ಚಿಡುವುದೇನಿದೆ" ಎನ್ನುವವರು ನಮ್ಮಲ್ಲೇ ಇದ್ದಾರೆ. ಅವರು ತಮ್ಮ ಕೊರಳಿನ ಇಷ್ಟಲಿಂಗವನ್ನು ಒಮ್ಮೆ ನೋಡಿಕೊಳ್ಳಲಿ. ಗುಡಿಯ ಪೂಜಾರಿಯನ್ನು ನಡುವಿನಿಂದ ತೆಗೆದು, ಅಂಗೈಯಲ್ಲಿ ಲಿಂಗವನ್ನಿಟ್ಟು, ನಿನಗೂ ಅದಕ್ಕೂ ನಡುವೆ ಯಾರೂ ಬೇಡ ಎಂದವರು ಬಸವಾದಿ ಶರಣರು. ಮನುಷ್ಯನ ಒಳಗೆ ಬೇರೆ ಯಾರೂ ಕೈಹಾಕಬಾರದ ಒಂದು ಜಾಗವಿದೆ ಎಂಬುದನ್ನು ಹನ್ನೆರಡನೆಯ ಶತಮಾನದಲ್ಲೇ ಒಪ್ಪಿಕೊಂಡ ಧರ್ಮ ನಮ್ಮದು. ಕಲ್ಯಾಣದ ಕ್ರಾಂತಿಯ ನಂತರ ಶರಣರು ವಚನದ ಕಟ್ಟುಗಳನ್ನು ಬಚ್ಚಿಟ್ಟುಕೊಂಡು ಉಳವಿಯ ಕಡೆ ನಡೆದರೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಬಚ್ಚಿಟ್ಟಿದ್ದರಿಂದಲೇ ಉಳಿದವು, ಫ.ಗು. ಹಳಕಟ್ಟಿಯವರ ಕೈಗೆ ಬಂದವು. ವಚನಗಳಿಗಾಗಿ ಬಾಳು ಸವೆಸಿದ ಡಾ. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆ ಬಾಗಿಲಲ್ಲೇ ಕೊಂದರು. ಸತ್ಯ ಬರೆಯುವವರಿಗೆ ಮರೆ ಏಕೆ ಬೇಕು ಎಂದು ನಮ್ಮ ಚಳವಳಿಗೆ ಬೇರೆಯವರು ಕಲಿಸಬೇಕಿಲ್ಲ.

ನಮ್ಮ ದೇಶದ ಕಾನೂನಿನಲ್ಲಿ ಖಾಸಗಿತನದ ಹಕ್ಕಿಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆದರೆ ಅದು ಮಿತಿಯಿಲ್ಲದ ಹಕ್ಕು ಎನ್ನಲಿಲ್ಲ. ಅದರಲ್ಲಿ ಕೈಹಾಕುವ ಮುನ್ನ ಕಾನೂನಿನ ಆಧಾರವಿದೆಯೇ, ನ್ಯಾಯವಾದ ಉದ್ದೇಶವಿದೆಯೇ, ಬೇಕಾದಷ್ಟೇ ಕೈಹಾಕುತ್ತಿದ್ದೇವೆಯೇ ಎಂದು ಕೇಳಬೇಕು ಎಂದಿತು. ಇದು ಸರ್ಕಾರಕ್ಕೆ ಹೇಳಿದ ಮಾತು. ಪ್ರಸಾದ ನಿಲಯದ ಬಾಗಿಲಲ್ಲೂ ಇವೇ ಮೂರನ್ನು ಕೇಳಬಹುದು. ಪಾಲಕರಿಗೂ ಮಕ್ಕಳಿಗೂ ಮೊದಲೇ ತಿಳಿಸಿದ ನಿಯಮವಿದೆಯೇ? ಮಕ್ಕಳ ಹಿತವೇ ಉದ್ದೇಶವೇ? ಬೇಕಾದದ್ದಕ್ಕಿಂತ ಹೆಚ್ಚು ನೋಡುತ್ತಿದ್ದೇವೆಯೇ? ನಾನು ಒಪ್ಪಿದ್ದ ಆ್ಯಪ್ ಮೂರನೆಯ ಪ್ರಶ್ನೆಯಲ್ಲೇ ಬೀಳುತ್ತಿತ್ತು. ಚಿತ್ರ ತಡೆಯಲು ತಾಯಿಗೆ ಬರೆದ ಮಾತು ಓದಬೇಕಿರಲಿಲ್ಲ.

ಹಾಗಾದರೆ ಮಾಡುವುದೇನು? ಸೋಸುವುದು ಬೇರೆ, ಇಣುಕುವುದು ಬೇರೆ. ಸೋಸುವ ಸಾಧನ ಕೆಟ್ಟದ್ದನ್ನು ತಡೆಯುತ್ತದೆ, ಮಗುವಿನ ಮಾತನ್ನು ಬೇರೆಯವರಿಗೆ ಒಯ್ಯುವುದಿಲ್ಲ. ಉದಾಹರಣೆಗೆ, ತಾಣದ ಹೆಸರನ್ನು ಅದರ ವಿಳಾಸಕ್ಕೆ ಬದಲಿಸುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಕ್ಲೌಡ್‌ಫ್ಲೇರ್ ಎಂಬ ಕಂಪನಿ ಅಶ್ಲೀಲ ತಾಣಗಳ ವಿಳಾಸ ಕೊಡದ ಒಂದು ಉಚಿತ ಡಿಎನ್‌ಎಸ್ ನಡೆಸುತ್ತದೆ. ನಿಮ್ಮ ವೈಫೈ ರೂಟರಿನಲ್ಲಿ ಅದರ ಸಂಖ್ಯೆಗಳಾದ 1.1.1.3 ಮತ್ತು 1.0.0.3 ನಮೂದಿಸಿದರೆ ಆಯಿತು. ಸಿಮ್ ಡೇಟಾ ಬಳಸುವ ಆ್ಯಂಡ್ರಾಯ್ಡ್ ಫೋನಿಗೆ ಅದರ ಸೆಟ್ಟಿಂಗ್ಸ್‌ನ ಪ್ರೈವೇಟ್ ಡಿಎನ್‌ಎಸ್‌ನಲ್ಲಿ ಇದನ್ನೇ ಹೆಸರಿನ ರೂಪದಲ್ಲಿ ಕೊಡಬೇಕು. ಗಮನಿಸಿ, ಪ್ರೈವೇಟ್ ಡಿಎನ್‌ಎಸ್ ಹುಟ್ಟಿದ್ದು ಖಾಸಗಿತನ ಕಾಪಾಡಲು. ಮಗು ಯಾವ ತಾಣದ ವಿಳಾಸ ಕೇಳಿತು ಎಂಬುದನ್ನು ನಡುವಿನವರಿಗೆ ಕಾಣದಂತೆ ಅದು ಮುಚ್ಚುತ್ತದೆ. ಅದೇ ಸಾಧನ ಅಶ್ಲೀಲವನ್ನೂ ತಡೆಯುತ್ತದೆ. ಖಾಸಗಿತನ ಒಂದು ಕಡೆ, ಮಕ್ಕಳ ರಕ್ಷಣೆ ಇನ್ನೊಂದು ಕಡೆ ಎಂದು ತಕ್ಕಡಿ ಹಿಡಿಯುವವರು ಇದನ್ನು ನೋಡಬೇಕು.

ವಿಪಿಎನ್ ಹಾಕಿಕೊಂಡರೆ ಇದೂ ತಪ್ಪಿಹೋಗುತ್ತದೆ, ನಿಜ. ಅದಕ್ಕೆ ಗೂಗಲ್‌ನ ಫ್ಯಾಮಿಲಿ ಲಿಂಕ್, ಐಫೋನಿನ ಸ್ಕ್ರೀನ್ ಟೈಮ್ ಇವೆ. ಇವುಗಳಲ್ಲಿ ಹೊಸ ಆ್ಯಪ್ ಹಾಕಲು ಹೆತ್ತವರ ಒಪ್ಪಿಗೆ ಬೇಕೆಂದು ಮಾಡಬಹುದು. ಮಗುವಿನ ಸಂದೇಶಗಳನ್ನು ಇವು ಓದಿಸುವುದಿಲ್ಲ. ಹಾಕುವಾಗ ಮಗುವಿನ ಎದುರಿಗೇ ಹಾಕಿ, ಏಕೆಂದು ಹೇಳಿ. ವಯಸ್ಸು ಏರಿದಂತೆ ಸಡಿಲಿಸಿ. ಎಂಟನೆಯ ತರಗತಿಯ ಮಗುವಿಗೆ ಹಾಕಿದ ಬೀಗ ಹದಿನೆಂಟು ತುಂಬಿದವನಿಗೂ ಇದ್ದರೆ ಅವನು ಕಲಿಯುವುದು ಬೀಗ ಮುರಿಯುವುದನ್ನು ಮಾತ್ರ.

ಇನ್ನು ನಮ್ಮೊಳಗೆ ನಾವೇ ಮಾತಾಡಬೇಕಾದ, ಕಹಿಯಾದ ವಿಷಯ. ಮಕ್ಕಳ ಫೋನನ್ನು ಪೂರ್ತಿ ಓದುವ ಅಧಿಕಾರ ಕೊಟ್ಟರೆ ಅದನ್ನು ಯಾರಿಗೆ ಕೊಡುತ್ತೇವೆ? ಕಾಯಬೇಕಾದವರೇ ಮಗುವಿನ ಮೇಲೆ ಕೈಹಾಕಿದ ಪ್ರಸಂಗಗಳು ಮನೆಗಳಲ್ಲಿವೆ, ಶಾಲೆಗಳಲ್ಲಿವೆ. ಧರ್ಮದ ಹೆಸರಿನ ಸಂಸ್ಥೆಗಳಿಗೂ ಇದರಿಂದ ವಿನಾಯಿತಿಯಿಲ್ಲ. ಅಂಥ ಮಗು ಸಹಾಯ ಕೇಳಿ ಒಂದು ಸಾಲು ಬರೆದರೆ, ಆ ಸಾಲು ಮೊದಲು ತಲುಪುವುದು ಯಾರಿಗೆ ಎಂದು ಯೋಚಿಸಿ. ಮಕ್ಕಳ ಸಹಾಯವಾಣಿ 1098ಕ್ಕೆ ಗುಟ್ಟಾಗಿ ಕರೆ ಮಾಡಲು ಮಗುವಿಗೆ ಆಗಬೇಕು. ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮಾನ ಎಂಬ ಕಾರಣ ಆ ಕಾನೂನಿನಲ್ಲಿ ಇಲ್ಲ.

ಮರೆಯೇ ಮಗುವನ್ನು ಕಾಯುವುದಕ್ಕೆ ಇನ್ನೂ ಒಂದು ಉದಾಹರಣೆ ಇದೆ. ಯಾರದೋ ಮಾತು ನಂಬಿ ತನ್ನ ಬೆತ್ತಲೆ ಚಿತ್ರ ಕಳಿಸಿ, ಈಗ ಬೆದರಿಕೆಗೆ ಸಿಕ್ಕ ಹುಡುಗಿ ಅದನ್ನು ಯಾರಿಗೆ ತೋರಿಸಿಯಾಳು? ಅಮೆರಿಕದ ಒಂದು ಮಕ್ಕಳ ರಕ್ಷಣಾ ಸಂಸ್ಥೆ ನಡೆಸುವ ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆಯಲ್ಲಿ ಚಿತ್ರ ಫೋನಿನಿಂದ ಹೊರಗೇ ಹೋಗುವುದಿಲ್ಲ. ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ. ಅದನ್ನು ಹಿಡಿದು ಸೇವೆಯಲ್ಲಿ ಸೇರಿದ ಕಂಪನಿಗಳು ತಮ್ಮಲ್ಲಿ ಆ ಚಿತ್ರ ಹುಡುಕಿ ತೆಗೆಯುತ್ತವೆ. ಹೆಸರು ಕೊಡಬೇಕಿಲ್ಲ. ಬೆದರಿಕೆಯ ದೂರಿಗೆ ನಮ್ಮಲ್ಲಿ ಸೈಬರ್ ಸಹಾಯವಾಣಿ 1930 ಇದೆ, ಪೊಲೀಸರಿದ್ದಾರೆ.

ಕೊನೆಗೆ ಹಿರಿಯರಿಗೂ ಒಂದು ಮಾತು. ನಮ್ಮ ಓರಗೆಯವರ ವಾಟ್ಸಾಪ್ ಗುಂಪುಗಳಲ್ಲಿ ಬೆಳಿಗ್ಗೆ ವಚನ, ರಾತ್ರಿ ಹತ್ತರ ನಂತರ ಕೊಳಕು ವಿಡಿಯೊ ಬರುವುದನ್ನು ನಾನು ಕಂಡಿದ್ದೇನೆ. ಹಾಗೆ ಬಂದಾಗ ಸುಮ್ಮನೆ ಅಳಿಸಿದ್ದೇನೆಯೇ ಹೊರತು ಕಳಿಸಿದವರನ್ನು ಕೇಳಿಲ್ಲ. ಅಜ್ಜನ ಫೋನು ಆಡಲು ತೆಗೆದುಕೊಳ್ಳುವ ಮೊಮ್ಮಗುವಿಗೆ ವಿಪಿಎನ್ ಬೇಕಿಲ್ಲ.

ಮಠಗಳ ಪೂಜ್ಯರಲ್ಲಿ, ಪ್ರಸಾದ ನಿಲಯಗಳ ಸಮಿತಿಗಳಲ್ಲಿ ನನ್ನ ವಿನಂತಿ ಇಷ್ಟು. ನಿಲಯದ ವೈಫೈಗೆ ಸೋಸುವ ವ್ಯವಸ್ಥೆ ಹಾಕಿಸಿ, ಅದನ್ನು ಮಕ್ಕಳಿಗೆ ತಿಳಿಸಿ. ಸಂದೇಶ ಓದುವ ಆ್ಯಪ್‌ಗಳನ್ನು ಬಿಡಿ. ಮನೆಯವರೊಂದಿಗೆ ಏಕಾಂತದಲ್ಲಿ ಮಾತಾಡಲು ಪ್ರತಿ ಮಗುವಿಗೂ ಸಮಯ ಕೊಡಿ. 1098 ಸಂಖ್ಯೆಯನ್ನು ಪ್ರಸಾದದ ಕೋಣೆಯ ಗೋಡೆಗೆ ದೊಡ್ಡದಾಗಿ ಬರೆಸಿ. ದೂರು ಕೇಳುವ ಸಮಿತಿಯಲ್ಲಿ ಅಕ್ಕನ ಬಳಗದ ಒಬ್ಬ ತಾಯಿ, ಮಠಕ್ಕೆ ಸೇರದ ಒಬ್ಬ ಶಿಕ್ಷಕರು ಇರಲಿ. ವರ್ಷಕ್ಕೆ ಎರಡು ಬಾರಿಯಾದರೂ ಶಿವಾನುಭವ ಗೋಷ್ಠಿಗೆ ವೈದ್ಯರನ್ನು ಕರೆಸಿ, ದೇಹದ ಬಗ್ಗೆ, ಹೆಣ್ಣು ಗಂಡಿನ ಗೌರವದ ಬಗ್ಗೆ ಮಕ್ಕಳೊಡನೆ ಮುಚ್ಚುಮರೆಯಿಲ್ಲದೆ ಮಾತಾಡಿಸಿ. ಅನುಭವ ಮಂಟಪದಲ್ಲಿ ಪ್ರಶ್ನೆ ಕೇಳಲು ಎಲ್ಲರಿಗೂ ಅವಕಾಶವಿತ್ತು. ನಮ್ಮ ಮಕ್ಕಳಿಗೂ ಇರಲಿ.

ಆ ನಿಲಯದಲ್ಲಿ ಸೋಸುವ ವ್ಯವಸ್ಥೆ ಹಾಕಿ ಈಗ ಕೆಲವು ತಿಂಗಳಾಯಿತು. ಇಬ್ಬರು ಹುಡುಗರು ಅದನ್ನೂ ದಾಟಿದ್ದಾರೆಂದು ನಿಲಯಪಾಲಕರು ಮೊನ್ನೆ ಹೇಳಿದರು. "ಕರೆದು ಕುಂಡ್ರಿಸಿಕೊಂಡು ಮಾತಾಡಿದೆ, ಫೋನ್ ಓದಲಿಲ್ಲ" ಎಂದೂ ಹೇಳಿದರು. ನಾನು ಅವರಿಗೆ ಕೈಮುಗಿದೆ. ಆ ನಾಲ್ಕು ಹುಡುಗರ ಕ್ಷಮೆ ಕೇಳುವುದು ನನ್ನ ಪಾಲಿಗೆ ಬಾಕಿ ಇದೆ. ಮುಂದಿನ ಅಮಾವಾಸ್ಯೆಯ ಗೋಷ್ಠಿಗೆ ಹೋದಾಗ ಕೇಳುತ್ತೇನೆ.