ಹಳೆಯ ಕಣ್ಣು, ಹೊಸ ಪೆಟ್ಟಿಗೆ

ಕಳೆದ ತಿಂಗಳು ತೀರ್ಥಹಳ್ಳಿಯಿಂದ ನನ್ನ ಅಕ್ಕನ ಮಗ ಬಂದಿದ್ದ. ಬಂದವನೇ ಚೀಲದಿಂದ ಪುಟ್ಟದೊಂದು ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟ. ಸೋನಿ ಎ6000, ಒಳಗೆ ಕನ್ನಡಿಯಿಲ್ಲದ ಜಾತಿಯದು. 2014ರಲ್ಲಿ ಮಾರುಕಟ್ಟೆಗೆ ಬಂದ ಆ ಮಾದರಿಯನ್ನು ಅವನು ತನ್ನ ಮೊದಲ ಸಂಬಳಗಳಲ್ಲಿ ಉಳಿಸಿದ ಹಣದಿಂದ ಯಾರೋ ಬಳಸಿ ಬಿಟ್ಟಿದ್ದನ್ನು ಕೊಂಡಿದ್ದ.

"ಮಾವ, ಅಜ್ಜಿಯದೊಂದು ಒಳ್ಳೆಯ ಚಿತ್ರ ತೆಗೆಯಬೇಕು. ಎಷ್ಟು ಸಲ ತೆಗೆದರೂ ಕದಲಿದಂತೆ ಬರುತ್ತದೆ. ಲೆನ್ಸಿಗೆಂದು ಎಂಟು ಸಾವಿರ ರೂಪಾಯಿ ಕೂಡಿಟ್ಟಿದ್ದೆ."

"ಇದ್ದೆ ಎಂದರೇನಯ್ಯಾ? ಈಗ ಇಲ್ಲವೆ?"

ಅವನು ತಲೆ ತಗ್ಗಿಸಿ ಚೀಲದಿಂದ ಇನ್ನೊಂದು ವಸ್ತುವನ್ನು ತೆಗೆದ. ಅದರ ಕಥೆಯನ್ನು ಮುಂದೆ ಹೇಳುತ್ತೇನೆ.

ಅವನ ಅಜ್ಜಿಯೆಂದರೆ ನನ್ನ ತಾಯಿ. ಎಂಬತ್ತಾರು ವರ್ಷ. ಅಂಗಳಕ್ಕೆ ಬಂದು ಕುಳಿತುಕೊಳ್ಳಮ್ಮ ಎಂದರೆ ಕೇಳುವ ಜೀವವಲ್ಲ. ಅಡಿಗೆಮನೆಯ ಕಿಟಕಿಯ ಬಳಿಯ ಮಣೆಯೇ ಆಕೆಯ ಸಿಂಹಾಸನ. ಮನೆಯಲ್ಲಿ ಆಕೆಯ ಚಿತ್ರವೆಂಬುದು ಇರುವುದು ಒಂದೇ. ನನ್ನ ಮದುವೆಯ ಗುಂಪುಚಿತ್ರದ ಮೂಲೆಯಲ್ಲಿ ಅರ್ಧ ಮುಖ. ಆದುದರಿಂದ ಹುಡುಗನ ಪ್ರಶ್ನೆ ನನಗೆ ಸಣ್ಣದಾಗಿ ತೋರಲಿಲ್ಲ.

ಕ್ಯಾಮೆರಾದೊಡನೆ ಬಂದಿದ್ದ ಲೆನ್ಸು 16ರಿಂದ 50 ಮಿಲಿಮೀಟರಿನದು. ಹಗಲು ಬೆಳಕಿನಲ್ಲಿ ಅದಕ್ಕೆ ಕೊರತೆಯೇನೂ ಇಲ್ಲ; ಅಗಲವಾದ ನೋಟಕ್ಕೆ ಅದನ್ನೇ ಇಟ್ಟುಕೊಳ್ಳತಕ್ಕದ್ದು. ಆದರೆ 50ರ ತುದಿಗೆ ಬಂದಾಗ ಅದರ ಬಾಯಿ ಎಫ್/5.6ಕ್ಕಿಂತ ಹೆಚ್ಚು ತೆರೆಯದು. ಎಫ್/2ರ ಲೆನ್ಸಾದರೆ ಅದರ ಎಂಟು ಪಟ್ಟು ಬೆಳಕನ್ನು ಒಳಕ್ಕೆ ಬಿಡುತ್ತದೆ. ಸೆಕೆಂಡಿನ ಹದಿನೈದರಲ್ಲಿ ಒಂದು ಭಾಗ ತೆರೆದಿರಬೇಕಾದ ಕಡೆ ನೂರಿಪ್ಪತ್ತೈದರಲ್ಲಿ ಒಂದು ಭಾಗ ಸಾಕಾಗುತ್ತದೆ. ಕೈನಡುಕವನ್ನು ತಡೆಯುವ ಏರ್ಪಾಡು ಆ ಲೆನ್ಸಿನಲ್ಲಿಯೂ ಉಂಟು, ನಿಜ. ಆದರೆ ಅದು ತಡೆಯುವುದು ಮೊಮ್ಮಗನ ಕೈಯನ್ನು. ಹುರುಳಿಕಾಯಿ ಸೋಸುತ್ತಿರುವ ಅಜ್ಜಿಯ ಕೈಯನ್ನಲ್ಲ.

ಅಗ್ಗದಲ್ಲಿ ಎಫ್/2 ಸಿಗುವುದೆಲ್ಲಿ? ಹಳೆಯ ಲೆನ್ಸುಗಳಲ್ಲಿ. ಫಿಲ್ಮಿನ ಕಾಲದ ಕ್ಯಾಮೆರಾಗಳಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿಯೊಂದು ಏಳಬೇಕಾಗಿತ್ತು. ಅದಕ್ಕೆ ಜಾಗ ಬೇಕು. ಎಂ42 ಎಂಬ ತಿರುಪಿನ ಲೆನ್ಸುಗಳು ಕೂರುವ ಅಂಚಿನಿಂದ ಫಿಲ್ಮಿಗೆ 45.46 ಮಿಲಿಮೀಟರು ದೂರ. ಸೋನಿಯ ಈ ಕ್ಯಾಮೆರಾದಲ್ಲಿ ಕನ್ನಡಿಯೇ ಇಲ್ಲವಾದ್ದರಿಂದ ಅಂತರ ಕೇವಲ 18. ಉಳಿದ 27.46 ಮಿಲಿಮೀಟರನ್ನು ತುಂಬಿಕೊಡುವ ಟೊಳ್ಳು ಬಳೆಯೇ ಅಡಾಪ್ಟರು. ಅದರಲ್ಲಿ ಗಾಜಿಲ್ಲ, ತಂತಿಯಿಲ್ಲ. ಬೆಲೆ ಕಡಿಮೆಯಾಗಿರುವುದು ಅದಕ್ಕೇ. ಬಳೆ ಕೂದಲೆಳೆಯಷ್ಟು ತೆಳುವಾದರೆ ಕೇಡಿಲ್ಲ; ದಪ್ಪವಾದರೆ ದೂರದ ಬೆಟ್ಟ ಎಂದಿಗೂ ಸ್ಪಷ್ಟವಾಗದು.

ಇನ್ನು ಹುಡುಗನ ಚೀಲದಲ್ಲಿದ್ದ ವಸ್ತು. ಆತುರಪಟ್ಟು ಎರಡೂವರೆ ಸಾವಿರ ಕೊಟ್ಟು ತಂದ ಹಳೆಯ ಲೆನ್ಸು. ಹೊರಗೆ ಹೊಸ ಪಾತ್ರೆಯಂತೆ ಹೊಳೆಯುತ್ತಿತ್ತು. ಅದರ ಬಾಯನ್ನು ಪೂರ್ತಿ ತೆರೆದು, ಹಿಂದಿನಿಂದ ಟಾರ್ಚು ಬಿಟ್ಟು ನೋಡಿದರೆ ಒಳಗೆ ಜೇಡರ ಬಲೆ! ಬೂಷ್ಟು. ಮಲೆನಾಡಿನ, ಕರಾವಳಿಯ ಮಳೆಗಾಲ ಗಾಜನ್ನೂ ಬಿಡುವುದಿಲ್ಲ. ಮಾರಿದವನು ಹಣ ಹಿಂದಿರುಗಿಸಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಎರಡು ಚುಕ್ಕೆ ಧೂಳಿದ್ದರೆ ಯಾರೂ ಗಾಬರಿಯಾಗಬೇಕಾಗಿಲ್ಲ. ಆದರೆ ಎಳೆ ಎಳೆಯಾದ ಬೂಷ್ಟು, ಒಳಗಿನ ರೆಕ್ಕೆಗಳ ಮೇಲೆ ಎಣ್ಣೆಯ ಹೊಳಪು, ತಿರುಗಿಸಿದರೆ ಕಚ್ಚಿಕೊಳ್ಳುವ ಬಳೆ, ಇವುಗಳಲ್ಲಿ ಯಾವುದಿದ್ದರೂ ನಮಸ್ಕಾರ ಹೇಳಿ ಹೊರಬರತಕ್ಕದ್ದು.

ಉಳಿದ ಐದೂವರೆ ಸಾವಿರದಲ್ಲಿ ಬಳೆಯೂ ಸೇರಿ ಸಿಕ್ಕಿದ್ದು ಸೋವಿಯೆತ್ ರಷ್ಯದ ಹೆಲಿಯೋಸ್ 44-2. 58 ಮಿಲಿಮೀಟರು, ಎಫ್/2. ಜರ್ಮನಿಯ ಜೈಸ್ ಬಯೋಟಾರಿನ ಮಾದರಿಯಲ್ಲಿ ಮಾಡಿದ್ದು. ಎ6000ದ ಗ್ರಾಹಕ ಫಲಕ ಚಿಕ್ಕದಾದ್ದರಿಂದ ಒಂದೂವರೆ ಪಟ್ಟು ಲೆಕ್ಕಹಾಕಬೇಕು. 58 ಎಂಬುದು 87ರಂತೆ ಕಾಣುತ್ತದೆ. ಮುಖಚಿತ್ರಕ್ಕೆ ಹೇಳಿ ಮಾಡಿಸಿದ ಅಳತೆ. ದೀಪಕ್ಕೆ ಎದುರಾಗಿ ಹಿಡಿದರೆ ಮಾತ್ರ ಚಿತ್ರ ಮಂಕಾಗುತ್ತದೆ. ಆದರೆ ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಅಡಿಗೆಮನೆಯಲ್ಲಿ ಅದರಿಂದ ತೊಂದರೆಯಿಲ್ಲ.

ಮಕ್ಕಳ ಓಟವನ್ನೋ ಹಕ್ಕಿಯನ್ನೋ ಹಿಡಿಯಬೇಕೆನ್ನುವವರು ಈ ದಾರಿಗೆ ಬರಬಾರದು. ಇಲ್ಲಿ ಎಲ್ಲವನ್ನೂ ಕೈಯಿಂದಲೇ ತಿರುಗಿಸಬೇಕು. ಅವರಿಗೆ ತಾನಾಗಿ ಗುರಿಹಿಡಿಯುವ ಲೆನ್ಸೇ ಸರಿ. ಕ್ಯಾನನ್ನಿನ ಹೊಸ ಕ್ಯಾಮೆರಾ ಉಳ್ಳವರಿಗೆ 2020ರಲ್ಲಿ ಬಂದ ಆರ್‌ಎಫ್ 50 ಎಫ್/1.8 ಸಾಕು. ಅದೇ ಸಂಸ್ಥೆಯ ಹಳೆಯ ಇಎಫ್ ಲೆನ್ಸುಗಳೂ ಅವರ ಅಡಾಪ್ಟರಿನ ಮೂಲಕ ತಾವಾಗಿ ಗುರಿಹಿಡಿಯುತ್ತವೆ. ನಿಕಾನಿನವರು ಎಚ್ಚರವಿರಲಿ: ಎಫ್‌ಟಿಜೆಡ್ ಎಂಬ ಅವರ ಅಡಾಪ್ಟರಿನಲ್ಲಿ ಮೋಟಾರಿಲ್ಲ, ತನ್ನೊಳಗೆ ಮೋಟಾರಿಲ್ಲದ ಹಳೆಯ ಲೆನ್ಸು ಅದರ ಮೇಲೆ ಕೈಕೆಲಸದ್ದೇ ಆಗುತ್ತದೆ.

ಹೆಲಿಯೋಸನ್ನು ಕೂರಿಸಿ ಗುಂಡಿ ಒತ್ತಿದರೆ ಕ್ಯಾಮೆರಾ ಮಿಸುಕಲಿಲ್ಲ. ಹುಡುಗನ ಮುಖ ಬಿಳಿಚಿಕೊಂಡಿತು. ಇದೂ ಹೋಯಿತೇ ಎಂದುಕೊಂಡಿರಬೇಕು. ತಂತಿಯಿಲ್ಲದ ಲೆನ್ಸನ್ನು ಕ್ಯಾಮೆರಾ ಲೆನ್ಸೆಂದೇ ಎಣಿಸುವುದಿಲ್ಲ. 'ಲೆನ್ಸಿಲ್ಲದೆಯೂ ಚಿತ್ರ ತೆಗೆ' ಎಂಬ ಅನುಮತಿಯನ್ನು ಅದರ ಪಟ್ಟಿಯಲ್ಲಿ ಹುಡುಕಿ ಕೊಡಬೇಕು. ಸ್ಪಷ್ಟವಾದ ಅಂಚುಗಳಿಗೆ ಬಣ್ಣ ಬಳಿದು ತೋರಿಸುವ ಸೌಕರ್ಯವನ್ನೂ, ಬಿಂಬವನ್ನು ಹಿಗ್ಗಿಸಿ ತೋರಿಸುವುದನ್ನೂ ಆಗಲೇ ಚಾಲೂ ಮಾಡಿಕೊಟ್ಟೆ.

ಮೊನ್ನೆ ಅಂಚೆಯಲ್ಲಿ ಚಿತ್ರ ಬಂದಿತು. ಹೊರಗೆ ಜಡಿಮಳೆಯಂತೆ, ಕಿಟಕಿಯ ಮಂದ ಬೆಳಕಿನಲ್ಲಿ ಅಮ್ಮನ ಕಣ್ಣು, ಮೂಗುಬೊಟ್ಟು, ಹಣೆಯ ಒಂದೊಂದು ಗೆರೆ. ಅಮ್ಮ ಅದನ್ನು ಬಹಳ ಹೊತ್ತು ನೋಡಿ, "ಎಲ್ಲ ಸರಿ, ನನ್ನ ಓಲೆ ಯಾಕೋ ಕಾಣುವುದೇ ಇಲ್ಲವಲ್ಲ!" ಎಂದಳಂತೆ. ಎಫ್/2ರಲ್ಲಿ ಅಷ್ಟು ಹತ್ತಿರದಿಂದ ತೆಗೆದರೆ ಕಣ್ಣು ಸ್ಪಷ್ಟವಾದಾಗ ಕಿವಿ ಮಸುಕಾಗುವುದು ಸಹಜ. ಎಫ್/4ಕ್ಕೆ ಇಳಿಸಿ, ಒಂದು ಹೆಜ್ಜೆ ಹಿಂದೆ ಸರಿದು ಇನ್ನೊಮ್ಮೆ ತೆಗೆ ಎಂದು ಅವನಿಗೆ ಬರೆದಿದ್ದೇನೆ. ಲೆನ್ಸನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಇಡಬೇಕೆಂಬುದನ್ನೂ ಸೇರಿಸಿದ್ದೇನೆ.