ಹಣೆಯ ಗೆರೆ, ಕೊಂಬಿನ ಬುಡ

ಸಂಕ್ರಾಂತಿ ಕಳೆಯಿತೆಂದರೆ ನಮ್ಮ ಸೀಮೆಯಲ್ಲಿ ದನಗಳ ಜಾತ್ರೆಯ ಕಾಲ. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿ, ಪಾಂಡವಪುರದ ಬೇಬಿ ಬೆಟ್ಟ, ನಾಗಮಂಗಲದ ಚುಂಚನಗಿರಿ, ಹೀಗೆ ಒಂದಾದ ಮೇಲೊಂದು. ಆಯ್ದ ರಾಸುಗಳಿಗೆ ಬಹುಮಾನವೂ ಉಂಟು. “ತಾತ, ಎಲ್ಲಾ ಎತ್ತೂ ಒಂದೇ ಥರ ಕಾಣ್ತವೆ. ಇದು ಹಳ್ಳಿಕಾರ್ ಅಂತ ಹೆಂಗೆ ಹೇಳ್ತಾರೆ?” ಎಂದು ನನ್ನ ಮೊಮ್ಮಗಳು ಕೇಳಿದಳು. ನಿಮ್ಮಲ್ಲೂ ಹಲವರಿಗೆ ಈ ಅನುಮಾನ ಇದ್ದೀತು.

ಮಕ್ಕಳೇ, ಮೊದಲು ತಲೆ ನೋಡಬೇಕು. ಹಳ್ಳಿಕಾರ್ ಮುಖ ಉದ್ದ, ಮೂತಿಯತ್ತ ಸಣ್ಣದಾಗುತ್ತ ಬರುತ್ತದೆ. ಹಣೆ ಉಬ್ಬಿರುತ್ತದೆ, ಅದರ ನಟ್ಟನಡುವೆ ಮೇಲಿಂದ ಕೆಳಕ್ಕೆ ಒಂದು ತಗ್ಗಿನ ಗೆರೆ. ಕೊಂಬುಗಳು ನೆತ್ತಿಯ ಮೇಲೆ ಒಂದರ ಪಕ್ಕ ಒಂದು ಒತ್ತಾಗಿ ಹುಟ್ಟಿ, ನೇರ ಹಿಂದಕ್ಕೆ ಹೋಗಿ, ಆಮೇಲೆ ಮೆಲ್ಲಗೆ ಮುಂದಕ್ಕೆ ಬಾಗುತ್ತವೆ. ತುದಿ ಕಪ್ಪು, ಚೂಪು. ಕಿವಿ ಚಿಕ್ಕದು. ಗಂಗೆದೊಗಲು ತೆಳ್ಳಗೆ. ಮೈ ಬೂದುಬಣ್ಣ.

ಬಣ್ಣವೊಂದನ್ನೇ ನಂಬಬೇಡಿ. ಬೀಜದ ಹೋರಿಯ ಕತ್ತು, ಭುಜ, ತೊಡೆ ಕಪ್ಪಗಿರುತ್ತವೆ, ಹಿಣಿಲೂ ದೊಡ್ಡದು. ಬೀಜ ಒಡೆಸಿ ಎತ್ತು ಮಾಡಿದರೆ ಆ ಕಪ್ಪು ತಿಳಿಯಾಗುತ್ತದೆ, ಹಿಣಿಲು ಅಷ್ಟು ಬೆಳೆಯುವುದಿಲ್ಲ, ಕೊಂಬು ಮಾತ್ರ ಉದ್ದಕ್ಕೆ ಬೆಳೆಯುತ್ತದೆ. ಒಂದೇ ತಾಯಿಯ ಎರಡು ಗಂಡುಕರುಗಳಲ್ಲಿ ಒಂದನ್ನು ಹೋರಿಯಾಗಿ ಬಿಟ್ಟು ಇನ್ನೊಂದನ್ನು ಎತ್ತು ಮಾಡಿದರೆ, ನಾಲ್ಕು ವರ್ಷಕ್ಕೆ ಅವು ಬೇರೆ ಬೇರೆ ತಳಿ ಅನ್ನಿಸಿಬಿಡುತ್ತವೆ! ಸಾಲದ್ದಕ್ಕೆ ಜಾತ್ರೆಗೆ ಬರುವಾಗ ಕೊಂಬು ಹೆರೆದು ನುಣುಪು ಮಾಡಿ ಬಣ್ಣ ಬಳಿದಿರುತ್ತಾರೆ. ಹಾಗಾಗಿ ಬಲ್ಲವರು ಕೊಂಬಿನ ತುದಿ ಬಿಟ್ಟು ಬುಡ ನೋಡುತ್ತಾರೆ, ಹಣೆ ನೋಡುತ್ತಾರೆ. ಹಣೆಯ ಗೆರೆಯನ್ನು ಯಾರೂ ಹೆರೆಯಲಾರರು.

ತಳಿ ಗೊತ್ತಾದ ಮೇಲೆ ಹಲ್ಲು. ದನಕ್ಕೆ ಮೇಲ್ದವಡೆಯ ಮುಂದೆ ಹಲ್ಲೇ ಇಲ್ಲ, ಕೆಳಗೆ ಎಂಟು. ಹಾಲುಹಲ್ಲು ಬಿದ್ದು ಜೋಡಿ ಜೋಡಿಯಾಗಿ ಹೊಸವು ಬರುತ್ತವೆ. ಅದಕ್ಕೇ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂಬ ವಿಭಾಗಗಳು. ಸುಳಿ ನೋಡಿ ಅದೃಷ್ಟ ಹೇಳುವವರೂ ಇದ್ದಾರೆ, ಅದು ಕೊಳ್ಳುವವರ ನಂಬಿಕೆ. ತಳಿಗೂ ಸುಳಿಗೂ ಸಂಬಂಧವಿಲ್ಲ.

ಕಷ್ಟವಿರುವುದು ಅಮೃತಮಹಲ್ ತಳಿಯನ್ನು ಬೇರೆ ಮಾಡುವುದರಲ್ಲಿ. ಅದು ಹಳ್ಳಿಕಾರ್‌ನ ರಕ್ತದ್ದೇ. ಶ್ರೀರಂಗಪಟ್ಟಣದಲ್ಲಿ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಯ ಹಾಲು ಬೆಣ್ಣೆಗೆಂದು ದನಗಳ ಹಿಂಡು ಕಟ್ಟಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಮಾಡಿದ್ದರು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಅಲ್ಲಿನ ಎತ್ತುಗಳು ಫಿರಂಗಿ ಎಳೆದವು. ಇವುಗಳ ಕೊಂಬು ಇನ್ನೂ ಉದ್ದ, ಕೆಲವಕ್ಕೆ ತುದಿಗಳು ಒಂದನ್ನೊಂದು ದಾಟಿರುತ್ತವೆ. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ಕೈಸೇರಿತು. ಖರ್ಚು ಉಳಿಸಲೆಂದು 1860ರಲ್ಲಿ ಅವರು ಅದನ್ನು ಮಾರಿಬಿಟ್ಟರು. ಸೇನೆಗೆ ಒಳ್ಳೆಯ ಎತ್ತು ಸಿಗದೆ ಪೇಚಾಡಿ, 1866ರಲ್ಲಿ ಮತ್ತೆ ಹಿಂಡು ಕಟ್ಟಬೇಕಾಯಿತು. ಎತ್ತು ಬೇಕೆಂದರೆ ಹಸು ಬೇಕಲ್ಲವೇ? ಇಂದು ಅಮೃತಮಹಲ್ ತಳಿ ಕೇಂದ್ರ ಇರುವುದು ಅಜ್ಜಂಪುರದಲ್ಲಿ.

ಹಳ್ಳಿಕಾರ್ ಹಸುವಿನ ಚಿಂತೆ ನನಗೂ ಇದೆ. 2000ದಲ್ಲಿ ಅಂಚೆ ಇಲಾಖೆ ಈ ತಳಿಯ ಅಂಚೆಚೀಟಿ ತಂದಿತ್ತು, ಚೀಟಿ ಕೂಡಿಡುವ ಮಕ್ಕಳು ಹುಡುಕಿ ನೋಡಿ. ಜಾತ್ರೆಯಲ್ಲಿ ಒಳ್ಳೆಯ ಜೋಡಿಗೆ ಲಕ್ಷಗಟ್ಟಲೆ ಬೆಲೆ, ಮೆರವಣಿಗೆ, ಹಾರ. ಆದರೆ ಎತ್ತಿಗೆ ಮಕ್ಕಳಿಲ್ಲ. ತಳಿ ಮುಂದುವರಿಯುವುದು ಮನೆಯ ಕೊಟ್ಟಿಗೆಯಲ್ಲಿರುವ ಹಸುವಿನಿಂದ. ಅದು ಕೊಡುವ ಹಾಲು ಕಡಿಮೆ. ಡೇರಿಗೆ ಹಾಕಲು ಸೀಮೆಹಸು ಬಂತು, ಉಳಲು ಟ್ರ್ಯಾಕ್ಟರ್ ಬಂತು. ಸಂಸಾರ ತೂಗಿಸಬೇಕಾದ ರೈತನನ್ನು ದೂರಲಾರೆ. ನನ್ನನ್ನು ಕೇಳಿದರೆ, ಕರುವಿನೊಂದಿಗೆ ಬರುವ ಹಳ್ಳಿಕಾರ್ ಹಸುವಿಗೂ ಜೋಡೆತ್ತಿನಷ್ಟೇ ದೊಡ್ಡ ಬಹುಮಾನ ಇಡಬೇಕು.

ಈ ಸಲ ಜಾತ್ರೆಗೆ ಹೋದರೆ ತಾತನನ್ನೋ ಅಜ್ಜಿಯನ್ನೋ ಕರೆದುಕೊಂಡು ಹೋಗಿ, ಹಣೆಯ ಗೆರೆ ತೋರಿಸಿಕೊಳ್ಳಿ. ಎತ್ತಿನ ಯಜಮಾನರು ಬಿಡುವಾಗಿದ್ದರೆ ಒಂದು ಮಾತು ಕೇಳಿ: “ಮಾವ, ಇವುಗಳ ತಾಯಿ ಈಗ ಎಲ್ಲಿದೆ?”